ಕನ್ನಡದಲ್ಲಿ ಬೈಯುತ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಎಡಗಿವಿ ಮಾತ್ರ ಎಲ್ಲರ ಕಿವಿಯಂತೆ ಚೊಕ್ಕಟ. ತಗಡಿಗೆ ಶಾಯಿ ಹಚ್ಚಿ, ಹೆಚ್ಚಾದದ್ದನ್ನು ಅಂಗೈಯ ಅಂಚಿನಿಂದ ಒರೆಸಿ ತೆಗೆಯುವುದು ಅವರ ದಿನನಿತ್ಯದ ಕೆಲಸ. ಒರೆಸುತ್ತ ಒರೆಸುತ್ತ ಯೋಚನೆಗೆ ಬಿದ್ದರೆಂದರೆ ಆ ಕೈ ತಾನಾಗಿಯೇ ಹೋಗಿ ಕಿವಿಯನ್ನು ಹಿಡಿದುಕೊಳ್ಳುತ್ತಿತ್ತು. ಮನೆಯಲ್ಲಿ ಅವರ ಹೆಂಡತಿ ಸೀಗೆಪುಡಿ, ಸೀಮೆಎಣ್ಣೆ, ಕೊನೆಗೆ ಪಾತ್ರೆ ತಿಕ್ಕುವ ನಾರನ್ನೂ ಪ್ರಯೋಗಿಸಿ ಕೈಚೆಲ್ಲಿದ್ದರಂತೆ. ಮದುವೆಮನೆಗೆ ಹೋದಾಗ ಆ ಕಿವಿ ಗೋಡೆಯ ಕಡೆಗೆ ಬರುವ ಹಾಗೆ ನೋಡಿ ಕೂರಿಸುತ್ತಾರೆ ಎಂದು ಮೇಷ್ಟ್ರೇ ಹೇಳಿಕೊಂಡು ನಗುತ್ತಿದ್ದರು.

ವಿಶಾಖಪಟ್ಟಣದ ವಿಶ್ವವಿದ್ಯಾಲಯವೊಂದರ ಚಿತ್ರಕಲಾ ವಿಭಾಗದಲ್ಲಿ ಅವರು ಅಚ್ಚುಚಿತ್ರ ಕಲಿಸುತ್ತಿದ್ದರು. ಮೇಣ ಬಳಿದ ಸತುವಿನ ತಗಡಿನ ಮೇಲೆ ಸೂಜಿಯಿಂದ ಚಿತ್ರ ಬರೆದು, ಆಸಿಡ್‌ನಲ್ಲಿ ಅದ್ದಿ, ಕೊರೆದು ನಿಂತ ಗೆರೆಗಳಿಗೆ ಶಾಯಿ ತುಂಬಿ, ಒದ್ದೆ ಕಾಗದಕ್ಕೆ ಒತ್ತಿ ತೆಗೆಯುವ ವಿದ್ಯೆ ಅದು. ನಾನು ಅಲ್ಲಿಗೆ ಹೋಗಿ ಬಿದ್ದದ್ದು ನನ್ನ ಯಜಮಾನರ ಬ್ಯಾಂಕಿನ ಕೃಪೆಯಿಂದ. ದಾವಣಗೆರೆಯಿಂದ ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪೆಂಡುರ್ತಿಯಲ್ಲಿ ಮನೆ ಹಿಡಿದೆವು. ಅವರು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು; ನಾನು ಬಾಲ್ಕನಿಯಲ್ಲಿ ನಿಂತು ಎದುರು ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಸಿಮೆಂಟು ಹೊರುವವರನ್ನು ನೋಡುತ್ತಿದ್ದೆ. ಹೀಗೇ ನಿಂತರೆ ನಾನೂ ಆ ಕಟ್ಟಡದ ಒಂದು ಕಂಬವಾಗುತ್ತೇನೆ ಅನ್ನಿಸಿತು. ಮದುವೆಗೆ ಮುಂಚೆ ಮಾಡಿದ್ದ ಚಿತ್ರಕಲೆಯ ಪದವಿ ಪೆಟ್ಟಿಗೆಯಲ್ಲಿತ್ತು. ಅದನ್ನು ಕೊಡವಿಕೊಂಡು ಹೋಗಿ ಎಂ.ಎಫ್.ಎ.ಗೆ ಸೇರಿಬಿಟ್ಟೆ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ, ಹಾಗಾಗಿ ಮೊದಲ ದಿನದಿಂದಲೇ ಎಲ್ಲರಿಗೂ ಅಕ್ಕ.

ಆ ಮೊದಲ ದಿನ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ಶ್ರೀಕಾಕುಳದ ಕಡೆಯ ಒಬ್ಬ ಹುಡುಗ ತನ್ನ ತಗಡನ್ನು ಮೇಷ್ಟ್ರ ಮುಂದೆ ಇಟ್ಟು ಕೈಕಟ್ಟಿ ನಿಂತಿದ್ದ. ಮೇಷ್ಟ್ರು ತಗಡಿನ ಮೇಲೆ ಅಂಗೈ ಚಾಚಿ, ಕಣ್ಣು ಅರೆಮುಚ್ಚಿ, ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದರು. ಹುಡುಗ ತಲೆ ಬಾಗಿಸಿದ. ಸುತ್ತ ಇದ್ದವರೆಲ್ಲ ಸುಮ್ಮನಾದರು. ನಾನು ಕಿವಿಗೊಟ್ಟೆ.

"ಏನ್ ಮಾಡಿಟ್ಟೀಯೋ ತಮ್ಮಾ ಇದನ್ನ? ಹೊಂಡದಾಗ ಎಮ್ಮಿ ಹೊರಳ್ಯಾಡಿ ಎದ್ದು ಹೋದಂಗ ಆಗೇತಲ್ಲೋ. ನೆಳ್ಳು ಎಲ್ಲಿ ಬೀಳಬೇಕು, ಎಲ್ಲಿ ಬಿದ್ದೈತಿ?"

ಅಚ್ಚ ಬಾಗಲಕೋಟೆ ಕಡೆಯ ಕನ್ನಡ! ಬಂಗಾಳಕೊಲ್ಲಿಯ ದಂಡೆಯಲ್ಲಿ, ಆಸಿಡ್ ವಾಸನೆಯ ಆ ಕೋಣೆಯಲ್ಲಿ, ಎಮ್ಮೆ ಹೊರಳಾಡಿ ಎದ್ದುಬಿಟ್ಟಿತು. ನಾನು ಕಿಸಕ್ಕನೆ ನಕ್ಕೆ. ಮೇಷ್ಟ್ರು ಬೆಚ್ಚಿ ತಿರುಗಿದರು. ಹುಡುಗರು ನನ್ನನ್ನು ದೇವಸ್ಥಾನದಲ್ಲಿ ಚಪ್ಪಲಿ ಹಾಕಿಕೊಂಡು ಬಂದವಳನ್ನು ನೋಡುವಂತೆ ನೋಡಿದರು. ಪಕ್ಕದವಳು ನನ್ನ ಸೆರಗು ಜಗ್ಗಿ, ಸುಮ್ಮನಿರು ಅಕ್ಕಾ, ಸಾರ್ ದೀವೆನ ಕೊಡುತ್ತಿದ್ದಾರೆ ಅಂದಳು. ದೀವೆನ ಅಂದರೆ ತೆಲುಗಿನಲ್ಲಿ ಆಶೀರ್ವಾದ.

ಸಂಜೆ ಎಲ್ಲ ಹೋದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. ಯಾವ ಊರು, ಯಾರ ಮನೆ ಎಂದೆಲ್ಲ ಕೇಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ತೆಲುಗು ಸರಿಯಾಗಿ ಬರುತ್ತಿರಲಿಲ್ಲವಂತೆ. ಹೊಗಳುವಷ್ಟು ಕಲಿತಿದ್ದರು, ಬೈಯುವಷ್ಟು ಕಲಿತಿರಲಿಲ್ಲ. ಒಬ್ಬ ಹುಡುಗನ ತಗಡು ನೋಡಿ ಸಿಟ್ಟು ಬಂದು ಕನ್ನಡದಲ್ಲಿ ಗೊಣಗಿದರು. ಕಿಟಕಿಯ ಬೆಳಕು ತಗಡಿಗೆ ಹೊಡೆಯುತ್ತದೆಂದು ಕೈ ಅಡ್ಡ ಹಿಡಿದಿದ್ದರು, ಕಪ್ಪುಬಿಳುಪು ತಿಳಿಯಲೆಂದು ಕಣ್ಣು ಕಿರಿದು ಮಾಡಿದ್ದರು, ಅಷ್ಟೇ. ಆ ಹುಡುಗನಿಗೆ ಅರ್ಥವಾದದ್ದು "ತಮ್ಮಾ" ಎಂಬುದೊಂದೇ ಮಾತು. ತೆಲುಗಿನ ತಮ್ಮುಡು ನಮ್ಮ ತಮ್ಮನೇ ತಾನೆ! ಉಳಿದದ್ದೂ ಹಾಗೇ ಪ್ರೀತಿಯ ಮಾತಿರಬೇಕು ಅಂದುಕೊಂಡ. ಆ ವರ್ಷವೇ ಅವನಿಗೆ ದೊಡ್ಡ ಬಹುಮಾನ ಬಂದುಬಿಟ್ಟಿತು. ಅವನು ಸುಮ್ಮನಿದ್ದನೇ? ಊರಿಗೆಲ್ಲ ಸಾರಿದ. ಮುಂದಿನ ವರ್ಷದಿಂದ ಹುಡುಗರು ಸಾಲುಗಟ್ಟಿದರು.

"ನಾ ಏನ್ ಮಾಡ್ಲಿ ತಂಗಿ? ಹೌದು, ಬೈದೀನಿ ಅಂತ ಹೇಳಾಕ ಬರ್ತದ? ಅವರು ಕೈಮುಗಿದು ನಿಂತಿರ್ತಾರ" ಅಂದರು. ನಾನು ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಆಮೇಲೆ ಕಿವಿ ಹಿಡಿದುಕೊಂಡು, ಬಹಳ ದಿನವಾದ ಮೇಲೆ ಒಬ್ಬರ ಜತೆ ಕನ್ನಡ ಮಾತಾಡಿದೆ ಎಂದರು. ಅವರ ಹೆಂಡತಿ ತೆಲುಗಿನವರು, ಮಕ್ಕಳಿಗೆ ಕನ್ನಡ ಬಾರದು. ಅವರ ಕನ್ನಡವೆಲ್ಲ ಬೈಗುಳಕ್ಕೇ ಮೀಸಲಾಗಿ ಉಳಿದುಕೊಂಡಿತ್ತು ಪಾಪ.

ನಾನು ಮಾತು ಕೊಟ್ಟೆ, ಉಳಿಸಿಕೊಂಡೆ. ಆದರೆ ತೊಂದರೆ ಇನ್ನೊಂದು ಕಡೆಯಿಂದ ಬಂತು. ಅರ್ಥವಾಗುವವಳು ಪಕ್ಕದಲ್ಲೇ ಇದ್ದಾಳೆ ಎಂದು ಮೇಷ್ಟ್ರಿಗೆ ಸಂಕೋಚ. ನಾನಿದ್ದರೆ ಅವರ ಬಾಯಿ ಕಟ್ಟಿಹೋಗುತ್ತಿತ್ತು. ಇದು ಹುಡುಗರ ಗಮನಕ್ಕೆ ಬರಲು ತಡವಾಗಲಿಲ್ಲ. ಯಾರದಾದರೂ ತಗಡು ಮುಗಿಯುವ ಹೊತ್ತಿಗೆ ಸರಿಯಾಗಿ, ಅಕ್ಕಾ, ಸ್ವಲ್ಪ ಟೀಗೆ ಹೇಳಿ ಬರುತ್ತೀರಾ ಎಂದು ಬಹಳ ಮರ್ಯಾದೆಯಿಂದ ನನ್ನನ್ನು ಹೊರಗೆ ಕಳಿಸುತ್ತಿದ್ದರು. ನಾನು ಟೀಗೆ ಹೇಳಿ ಬರುವಷ್ಟರಲ್ಲಿ ಒಳಗೆ ಪೂಜೆ ಮುಗಿದು ಎಲ್ಲರ ಮುಖ ಅರಳಿರುತ್ತಿತ್ತು. ಮೇಷ್ಟ್ರು ಕೂಡ ಹೊಟ್ಟೆ ಹಗುರಾದವರಂತೆ ಕೂತಿರುತ್ತಿದ್ದರು. ಇನ್ನು ನನ್ನ ಕೆಲಸದಲ್ಲಿ ತಪ್ಪು ಕಂಡರೆ ಅವರು ತೆಲುಗಿನಲ್ಲಿ ಬೈಯುತ್ತಿದ್ದರು, ಅದೂ ಮರ್ಯಾದೆಯ "ಅಂಡಿ" ಸೇರಿಸಿ, ನನಗೆ ಅರ್ಧ ಮಾತ್ರ ತಿಳಿಯುತ್ತದೆಂಬ ಧೈರ್ಯದ ಮೇಲೆ.

ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥರು ಎಲ್ಲ ಅಧ್ಯಾಪಕರ ಬಳಿ ಬಂದು, ಇತ್ತೀಚಿನ ಸಾಧನೆಗಳೇನು ಹೇಳಿ ಎಂದು ಕೇಳುತ್ತಿದ್ದರು. ವಿಶ್ವವಿದ್ಯಾಲಯದ ವಾರ್ತಾಪತ್ರಿಕೆಗೆ ಅದು ಬೇಕು. ಶಿಲ್ಪ ಕಲಿಸುವವರು ದೆಹಲಿಯ ಪ್ರದರ್ಶನದ ಬಗ್ಗೆ ಹೇಳಿದರು. ಹೊಸದಾಗಿ ಬಂದ ಅಧ್ಯಾಪಕಿ ತಾವು ಬಿಡಿಸಿದ ರೈಲು ನಿಲ್ದಾಣದ ಗೋಡೆಚಿತ್ರದ ಫೋಟೋ ಕೊಟ್ಟರು. ನಮ್ಮ ಮೇಷ್ಟ್ರು ತಮ್ಮ ಹುಡುಗರಿಗೆ ಎಲ್ಲೆಲ್ಲಿ ಏನೇನು ಬಂತೆಂದು ಮೊದಲು ಹೇಳಿದರು. ನಿಮ್ಮದು ಹೇಳಿ ಸಾರ್ ಎಂದು ಪಟ್ಟು ಹಿಡಿದಾಗ, ಈ ವರ್ಷ ಯಾರ ಕೈಮೇಲೂ ಆಸಿಡ್ ಬೀಳಲಿಲ್ಲ, ಬರೆದುಕೊಳ್ಳಿ ಅಂದರು. ಮುಖ್ಯಸ್ಥರು ತಮಾಷೆ ಅಂದುಕೊಂಡರು. ಅದು ತಮಾಷೆಯಾಗಿರಲಿಲ್ಲ. ಆಸಿಡ್ ತೊಟ್ಟಿಯ ಹತ್ತಿರ ಯಾರಾದರೂ ಕೈಗವಸಿಲ್ಲದೆ ನಿಂತರೆ ಅವರು ಕೋಣೆಯ ಆ ತುದಿಯಿಂದ ಓಡಿ ಬರುತ್ತಿದ್ದರು.

ನಾನು ಎರಡನೆಯ ವರ್ಷದಲ್ಲಿದ್ದಾಗ ವಿಜಯವಾಡದಲ್ಲಿ ರಾಜ್ಯಮಟ್ಟದ ಪ್ರದರ್ಶನ ಬಂತು. ನಮ್ಮಲ್ಲಿ ಪರವಾಡದ ಹುಡುಗಿಯೊಬ್ಬಳಿದ್ದಳು. ಅವಳ ಅಣ್ಣ ಅಲ್ಲಿನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಮಾತು ಖಚಿತವಾಗಿತ್ತು: ಈ ಪ್ರದರ್ಶನದಲ್ಲಿ ಬಹುಮಾನ ಬಂದರೆ ಅದರ ಜತೆ ಸಿಗುವ ವಿದ್ಯಾರ್ಥಿವೇತನದಲ್ಲಿ ಮುಂದೆ ಓದಬಹುದು, ಇಲ್ಲವಾದರೆ ಬರುವ ತಿಂಗಳಿಂದ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು. ಅಣ್ಣ ಅಲ್ಲಿ ಆಗಲೇ ಹೇಳಿಟ್ಟಿದ್ದ. ಹಿಂದಿನ ಸಲ ಅವಳ ಚಿತ್ರ ಆಯ್ಕೆಯೇ ಆಗಿರಲಿಲ್ಲ. ಇದು ಕೊನೆಯ ಅವಕಾಶ.

ಅವಳು ಬರೆದದ್ದು ಕಂಪನಿ ಬಸ್ಸು. ಶಿಫ್ಟು ಮುಗಿಸಿ ಮನೆಗೆ ಹೊರಟವರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾರೆ. ಗಾಜಿನ ಹಿಂದೆ ಬಾಗಿದ ಕತ್ತುಗಳು, ತೆರೆದ ಬಾಯಿಗಳು, ಒಬ್ಬನ ಮಡಿಲಿನಲ್ಲಿ ಇನ್ನೊಬ್ಬನ ಊಟದ ಡಬ್ಬಿ. ಗೆರೆ ಎಷ್ಟು ಮೆತ್ತಗೆ ಹೋಗಿತ್ತೆಂದರೆ ನೋಡುವವರಿಗೂ ಆಕಳಿಕೆ ಬರಬೇಕು. ಮೇಷ್ಟ್ರು ಅದರ ಮುಂದೆ ಬಹಳ ಹೊತ್ತು ನಿಂತರು. ಹುಡುಗಿ ಕೈಕಟ್ಟಿ ತಲೆ ಬಾಗಿಸಿ ಕಾದಳು. ನಾನು ಯಾರೂ ಹೇಳುವ ಮುಂಚೆಯೇ ಟೀಗೆ ಎದ್ದೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೇಷ್ಟ್ರ ಮಾತು ಕೇಳಿಸಿತು. "ಬಾಗುಂದಮ್ಮಾ" ಅಂದರು. ಚೆನ್ನಾಗಿದೆಯಮ್ಮ, ಇಷ್ಟಕ್ಕೆ ನಿಲ್ಲಿಸು ಎಂದು ತೆಲುಗಿನಲ್ಲಿ ಹೇಳಿ ಹೋಗಿಬಿಟ್ಟರು.

ಹುಡುಗಿಯ ಮುಖ ಸಪ್ಪಗಾಯಿತು. ಮಾರನೆಯ ದಿನ ತಗಡನ್ನು ಇನ್ನಷ್ಟು ತಿದ್ದಿ ತಂದಳು. ಮೇಷ್ಟ್ರು ಗಾಬರಿಯಾಗಿ, ಬಾಗುಂದಿ ಅಂದೆನಲ್ಲ, ಕೈ ಹಚ್ಚಬೇಡ ಅಂದರು. ಮತ್ತೆ ತಿದ್ದಲು ಸೂಜಿ ತೆಗೆದಳು. ಮೇಷ್ಟ್ರು ತಗಡನ್ನೇ ಕಸಿದುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಚ್ಚು ತೆಗೆಯುವ ದಿನವಷ್ಟೇ ಹೊರಗೆ ಕೊಟ್ಟರು.

ಎಲ್ಲ ಸೇರಿ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆವು. ಚೌಕಟ್ಟುಗಳನ್ನು ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕಿದ್ದೆವು. ದಾರಿಯುದ್ದಕ್ಕೂ ಹಾಡು, ಕಿತ್ತಾಟ, ಪುಳಿಹೋರ. ವಿಜಯವಾಡದ ಬಿಸಿಲು ಸ್ಟೇಷನ್ನಿನಲ್ಲೇ ಬಂದು ಮೈಮೇಲೆ ಬಿತ್ತು. ಅವರವರ ಚಿತ್ರವನ್ನು ಅವರವರೇ ಸಂಜೆಯೊಳಗೆ ಗೋಡೆಗೆ ಹಾಕಬೇಕು, ಮರುದಿನ ತೀರ್ಪುಗಾರರು ಬಂದು ನೋಡುತ್ತಾರೆ ಎಂಬುದು ಅಲ್ಲಿನ ನಿಯಮ. ಎಲ್ಲರೂ ಮೊಳೆ ಹೊಡೆಯುವುದರಲ್ಲಿ ಮುಳುಗಿದರು. ಪರವಾಡದ ಹುಡುಗಿ ಮಾತ್ರ ಸುತ್ತಿದ ಬೆಡ್‌ಶೀಟು ಬಿಚ್ಚದೆ ಚೌಕಟ್ಟನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ನೆಲಕ್ಕೆ ಕೂತಿದ್ದಳು.

ಕೇಳಿದರೆ, ಹಾಕುವುದಿಲ್ಲ ಅಕ್ಕಾ, ಸಂಜೆಯ ರೈಲಿಗೆ ಹೊರಟುಹೋಗುತ್ತೇನೆ ಅಂದಳು. ಯಾಕೆ ಎಂದು ಕೇಳಿದ್ದಕ್ಕೆ ಅವಳಿಗೆ ಅಳು ಬಂತು. "ಸಾರ್ ಎಲ್ಲರಿಗೂ ದೀವೆನ ಕೊಟ್ಟರು. ನನಗೆ ಮಾತ್ರ ಬಾಗುಂದಿ ಅಂದರು. ಕುಲಪತಿಗಳ ಹೆಂಡತಿ ಹೂಕುಂಡಕ್ಕೆ ಬಣ್ಣ ಬಳಿದು ತಂದರೂ ಬಾಗುಂದಿ ಅನ್ನುತ್ತಾರೆ. ನನ್ನ ಕೈ ಬಿಟ್ಟುಬಿಟ್ಟಿದ್ದಾರೆ ಅಕ್ಕಾ" ಎಂದಳು. ಎರಡನೇ ಸಲ ಸೋತು ಅಣ್ಣನಿಗೆ ಮುಖ ತೋರಿಸುವುದಕ್ಕಿಂತ ಹಾಕದೇ ಇರುವುದೇ ವಾಸಿಯಂತೆ. ಅವಳಿಗೆ ನಿಜ ಹೇಳಿಬಿಡಲೇ? ಹೇಳಿದರೆ ನಂಬುತ್ತಾಳೆಯೇ? ಉಳಿದವರ ಗತಿ ಏನು, ಮೇಷ್ಟ್ರಿಗೆ ಕೊಟ್ಟ ಮಾತು ಏನು?

ಓಡಿಹೋಗಿ ಮೇಷ್ಟ್ರನ್ನು ಹುಡುಕಿದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಮಿರಪಕಾಯಿ ಬಜ್ಜಿ ತಿನ್ನುತ್ತಿದ್ದರು. ವಿಷಯ ಹೇಳಿದೆ. "ಸರ್, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನೆ ಏನಾದ್ರೂ ಒಂದು ಬೈದುಬಿಡಿ" ಅಂದೆ.

ಅವರು ಬಜ್ಜಿಯನ್ನು ಕಾಗದದ ಮೇಲೆ ಇಟ್ಟರು. "ಹೆಂಗ ಬೈಲಿ ತಂಗಿ? ಬೈಯಾಕ ತಪ್ಪು ಕಾಣಬೇಕಲ್ಲ. ಹುಡುಕಿ ಹುಡುಕಿ ನೋಡೀನಿ. ಇಲ್ಲ."

ಹಾಗಾದರೆ ಜೋಳದ ರೊಟ್ಟಿ ಬಡಿಯುವುದು ಹೇಗೆಂದು ಹೇಳಿ, ಕನ್ನಡವಾದರೆ ಸಾಕು, ಅವಳಿಗೇನು ತಿಳಿಯುತ್ತದೆ ಎಂದೆ. ಅವರಿಗೆ ಸಿಟ್ಟೇ ಬಂತು. ಅಂಥ ಚಿತ್ರದ ಮುಂದೆ ನಿಂತು ರೊಟ್ಟಿಯ ಮಾತಾಡು ಅನ್ನುತ್ತೀಯಲ್ಲ, ನಿನಗೆ ಬುದ್ಧಿ ಐತೇನು ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಕೈ ಕಿವಿಗೆ ಹೋಯಿತು. ಬಜ್ಜಿ ಪೂರ್ತಿ ಆರಿದ ಮೇಲೆ ಎದ್ದು ಒಳಗೆ ನಡೆದರು. ನಾನು ಹಿಂದೆ ಹೋದೆ. ಈ ಸಲ ನನ್ನನ್ನು ಟೀಗೆ ಕಳಿಸಲು ಯಾರಿಗೂ ನೆನಪಾಗಲಿಲ್ಲ.

ಮೇಷ್ಟ್ರು ತಾವೇ ಬೆಡ್‌ಶೀಟು ಬಿಚ್ಚಿದರು. ಚೌಕಟ್ಟನ್ನು ಗೋಡೆಗೆ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಟ್ಯೂಬ್‌ಲೈಟು ಗಾಜಿಗೆ ಹೊಡೆಯುತ್ತಿತ್ತು, ಕೈ ಅಡ್ಡ ಹಿಡಿದರು. ಕಣ್ಣು ಅರೆಮುಚ್ಚಿದರು. ಹುಡುಗಿ ಉಸಿರು ಬಿಗಿಹಿಡಿದು ಎದ್ದು ನಿಂತಳು. ಆಮೇಲೆ ಅದೇ ತಗ್ಗಿದ ದನಿ, ಅದೇ ಗೊಣಗಾಟ.

"ನನ್ನ ಹುಟ್ಟಿನಾಗ ಇಂಥಾ ಗೆರಿ ಒಂದೂ ನನ್ನ ಕೈಯಿಂದ ಬರಲಿಲ್ಲಲ್ಲ ಯವ್ವಾ. ಎಲ್ಲಿಂದ ತಂದಿ ಇದನ್ನ? ನೋಡಿದ ದಿನದಿಂದ ಹೊಟ್ಟಿಕಿಚ್ಚು ನನಗ. ನಾ ಹೇಳಿಕೊಟ್ಟದ್ದಲ್ಲ ಇದು. ಏನಂತ ಹೇಳ್ಲಿ ನಿನಗ, ನನಗ ಗೊತ್ತಿಲ್ಲದ್ದು ನಿನಗ ಗೊತ್ತೈತಿ."

ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಎದ್ದಾಗ ಮುಖದ ತುಂಬ ನಗು. ಸುತ್ತಿಗೆ ಎಲ್ಲಿ, ಮೊಳೆ ಎಲ್ಲಿ ಎಂದು ಎಲ್ಲರನ್ನೂ ಓಡಾಡಿಸಿ ಚಿತ್ರವನ್ನು ಗೋಡೆಗೆ ಏರಿಸಿಯೇಬಿಟ್ಟಳು. ನಾನು ಕಂಬದ ಮರೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಜೀವಮಾನವಿಡೀ ಅದೇ ವಿದ್ಯೆ ಕಲಿಸಿದ ಮನುಷ್ಯ, ತನ್ನ ವಿದ್ಯಾರ್ಥಿನಿಯ ಎದುರು ಕೂತು ಹಾಗೆ ಹೇಳಬೇಕೆಂದರೆ ಎಂಥ ದೊಡ್ಡ ಮನಸ್ಸು ಬೇಕು! ಹುಡುಗಿ ಬಂದು, ಸಾರ್ ಏನಂದರು ಅಕ್ಕಾ ಎಂದು ಕೇಳಿದಳು. ಎಲ್ಲರಿಗೂ ಹೇಳುವುದನ್ನೇ ಅಂದೆ.

ಮೇಷ್ಟ್ರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಈಗ ಹೇಳಬ್ಯಾಡ. ಈಗ ಗೊತ್ತಾದ್ರ ಆಕಿ ಕೈ ನಡುಗ್ತಾವ. ಮುಂದ ನಾ ಇಲ್ಲದಾಗ ಹೇಳು" ಅಂದರು.

ಹುಡುಗಿಗೆ ಮೊದಲ ಬಹುಮಾನ ಬಂತು, ವಿದ್ಯಾರ್ಥಿವೇತನವೂ ಬಂತು. ಅಣ್ಣ ಕಾರ್ಖಾನೆಯಲ್ಲೆಲ್ಲ ಮೈಸೂರುಪಾಕು ಹಂಚಿದನಂತೆ. ಶ್ರೀಕಾಕುಳದ ಹುಡುಗನ ಎಮ್ಮೆಯ ಹೊಂಡಕ್ಕೂ ಒಂದು ಸಮಾಧಾನಕರ ಬಹುಮಾನ ಬಂದು ದೀವೆನದ ಕೀರ್ತಿ ಇನ್ನಷ್ಟು ಹೆಚ್ಚಿತು. ವಿಭಾಗದ ಮುಖ್ಯಸ್ಥರಿಗೆ ಆ ವರ್ಷ ಸಾಧನೆಗಳನ್ನು ಬರೆದು ಮುಗಿಸಲು ಜಾಗವೇ ಸಾಲಲಿಲ್ಲ. ನನಗೂ ಒಂದು ಸಾಧನೆ ದಕ್ಕಿತು, ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಕೊನೆಯ ಪರೀಕ್ಷೆಗೆ ನಾನಿಟ್ಟ ಚಿತ್ರಗಳ ಮುಂದೆ ನಿಂತು ಮೇಷ್ಟ್ರು ಮೊದಲ ಸಲ ನನಗೆ ಕನ್ನಡದಲ್ಲಿ ಬೈದರು. ಬಾಲ್ಕನಿಯ ಬಟ್ಟೆ ಒಣಗಿಸುವುದು ಬಿಟ್ಟು ಬೇರೆ ಏನಾದರೂ ನೋಡಿದ್ದೀಯಾ ಜೀವನದಲ್ಲಿ ಎಂದು ಶುರುಮಾಡಿದವರು, ಎಲ್ಲಿ ಹೆದರಿದೆ, ಎಲ್ಲಿ ಸೋಮಾರಿಯಾದೆ, ಎಲ್ಲಿ ಕದ್ದು ಪಾರಾಗಲು ನೋಡಿದೆ ಎಂದು ಒಂದೊಂದಾಗಿ ತೋರಿಸಿದರು. ನೋಡುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಅವರ ಬೈಗುಳ ಅರ್ಥವಾದ ಒಬ್ಬಳೇ ವಿದ್ಯಾರ್ಥಿನಿ ನಾನು. ಇವತ್ತು ನಾನು ಚಿತ್ರ ಬರೆದು ಬದುಕಿದ್ದೇನೆಂದರೆ ಅದರ ಋಣ ಅವರದ್ದು.

ಆಮೇಲೆ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ನಾನು ಅಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಪರವಾಡದ ಹುಡುಗಿಯೂ ಓದು ಮುಗಿಸಿ ಅದೇ ಊರಿನ ಕಾಲೇಜಿನಲ್ಲಿ ಅಧ್ಯಾಪಕಿಯಾದಳು. ಮೇಷ್ಟ್ರು ನಿವೃತ್ತರಾಗಿ ವಿಶಾಖಪಟ್ಟಣದಲ್ಲೇ ಉಳಿದರು. ಕಳೆದ ಬೇಸಿಗೆಯಲ್ಲಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾವಿಬ್ಬರೂ ಒಟ್ಟಿಗೆ ಹೋದೆವು. ವಿಭಾಗದಲ್ಲಿ ಸಭೆ ಸೇರಿತ್ತು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು, ಸಾರ್ ನನ್ನ ತಗಡಿನ ಮೇಲೆ ಕೈಯಿಟ್ಟು ದೀವೆನ ಕೊಟ್ಟದ್ದರಿಂದಲೇ ನಾನು ಈ ಮಟ್ಟಕ್ಕೆ ಬಂದೆ ಎಂದು ಕಣ್ಣೀರು ಹಾಕಿದರು. ನಾನು ನಗುವುದೋ ಅಳುವುದೋ ತಿಳಿಯದೆ ತುಟಿ ಕಚ್ಚಿಕೊಂಡು ಕೂತಿದ್ದೆ.

ವಾಪಸು ಬರುವಾಗ, ರೈಲು ಗೋದಾವರಿ ದಾಟಿದ ಮೇಲೆ, ಅವಳಿಗೆ ಹೇಳಿದೆ. ಆ ದಿನ ಮೇಷ್ಟ್ರು ಅಂದದ್ದನ್ನು ಮೊದಲು ತೆಲುಗಿನಲ್ಲಿ ಹೇಳಿದೆ, ಆಮೇಲೆ ಅವರದೇ ಕನ್ನಡದಲ್ಲಿ. ಅವಳು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಕೇಳಿದ್ದು ಒಂದೇ: ಉಳಿದವರಿಗೆಲ್ಲ ಏನು ಹೇಳುತ್ತಿದ್ದರು ಅಕ್ಕಾ? ಇನ್ನು ಮುಚ್ಚಿಡುವುದೇನು ಬಂತು! ಎಮ್ಮೆ, ಹೊಂಡ, ನೆರಳು, ನೆನಪಿದ್ದದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು, ನಕ್ಕಳು, ಎದುರು ಸೀಟಿನ ಅಜ್ಜಿ ನೀರಿನ ಬಾಟಲಿ ಚಾಚುವಷ್ಟು ನಕ್ಕಳು. ಕೊನೆಗೆ ಕಣ್ಣು ಒರೆಸಿಕೊಂಡು, "ಅಂದರೆ ಅಕ್ಕಾ, ಎಲ್ಲರಿಗೂ ಸಿಕ್ಕಿತು, ನನಗೊಬ್ಬಳಿಗೇ ಸಾರ್ ದೀವೆನ ಸಿಗಲಿಲ್ಲ" ಅಂದಳು. ಆಗ ಅಳತೊಡಗಿದಳು.

ಈಗ ಏನು ಮಾಡುತ್ತಿದ್ದೀ, ತೋರಿಸು ಅಂದೆ. ಮೊಬೈಲು ತೆಗೆದು ಕೊಟ್ಟಳು. ಕೊಂಡಪಲ್ಲಿಯ ಮನೆಗಳ ಮೇಲೆ ವಿದ್ಯುತ್ ಸ್ಥಾವರದ ಹೊಗೆ ಕವಿದಿರುವ ಹೊಸ ಚಿತ್ರ. ಚೆನ್ನಾಗಿಯೇ ಇತ್ತು. ಆದರೆ ಮೇಲಿನ ಅರ್ಧದಲ್ಲಿ ಅವಸರ ಮಾಡಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ನನ್ನ ದಾವಣಗೆರೆಯ ನಾಲಗೆಯನ್ನು ಆದಷ್ಟು ಬಾಗಲಕೋಟೆಯ ಕಡೆಗೆ ತಿರುಗಿಸಿ, ದನಿ ತಗ್ಗಿಸಿ ಶುರುಮಾಡಿದೆ.

"ಏನ್ ಮಾಡಿಟ್ಟೀ ಯವ್ವಾ ಇದನ್ನ? ಹೊಗಿ ಅಂದ್ರ ಹೊಗಿ ಇದ್ದಂಗ ಇರಬೇಕು. ಒಗಿಲಾರದ ಕಂಬಳಿ ತಂದು ಒಣಹಾಕೀಯಲ್ಲ. ಯಾರ ರೈಲು ತಪ್ಪತಿತ್ತು, ಇಷ್ಟ್ಯಾಕ ಅವಸರ ಮಾಡೀದಿ?"

ಅವಳು ಸೀಟಿನ ಮೇಲೆ ಕಾಲು ಮಡಚಿ, ಕೈಕಟ್ಟಿ, ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.